ಹಳೇ ಡೈಜೆಸ್ಟ್ ಕೊಟ್ಟ ಎಲ್ಲರಿಗೂ ದೊಡ್ಡ ಥ್ಯಾಂಕ್ಸ್

ಉದ್ದದ ಲೇಖನಗಳನ್ನು ಚಿಕ್ಕದು ಮಾಡಿ ಕೊಡುವ ಇಂಗ್ಲಿಷ್ ಮಾಸಪತ್ರಿಕೆ ರೀಡರ್ಸ್ ಡೈಜೆಸ್ಟ್‌ನ ಹಳೇ ಸಂಚಿಕೆಗಳ ಪ್ರದರ್ಶನ ಭಾನುವಾರ ನಮ್ಮ ಗ್ರಂಥಾಲಯದಲ್ಲಿ ಚೆನ್ನಾಗಿ ನಡೆಯಿತು. ಭಾರತದ ಆವೃತ್ತಿಗೆ 70 ವರ್ಷ ತುಂಬಿದ್ದು 2024ರಲ್ಲೇ, ನಮ್ಮ ಪ್ರದರ್ಶನ ತಡವಾಯಿತು, ಆದರೆ ಸಂಚಿಕೆಗಳನ್ನು ಕೂಡಿಸಬೇಕಲ್ವಾ? ಅಟ್ಟ ಹತ್ತಿ, ಟ್ರಂಕು ತೆಗೆದು, ಧೂಳು ಒರೆಸಿ ತಂದುಕೊಟ್ಟಿರಲ್ಲ, ನಿಮಗೇ ಮೊದಲ ನಮಸ್ಕಾರ.

ರದ್ದಿ ಅಂಗಡಿಯ ಅಣ್ಣನಿಗೂ ಅಷ್ಟೇ. ತೂಕಕ್ಕೆ ಹಾಕಬೇಕಾದ ಕಟ್ಟನ್ನು ನಮಗೋಸ್ಕರ ಪಕ್ಕಕ್ಕೆ ಎತ್ತಿಟ್ಟಿದ್ದರು.

ಬಂದವರು ಜಾಸ್ತಿ ಕೇಳಿದ್ದು ಇದೆಲ್ಲ ಶುರುವಾಗಿದ್ದು ಹೇಗೆ ಅಂತ. ಮೊದಲ ಮಹಾಯುದ್ಧದಲ್ಲಿ ಗಾಯಗೊಂಡ ಡೆವಿಟ್ ವ್ಯಾಲೇಸ್ ಅನ್ನೋ ಅಮೆರಿಕದ ಸೈನಿಕ ಆಸ್ಪತ್ರೆಯಲ್ಲಿ ಮಲಗಿಕೊಂಡೇ ಪತ್ರಿಕೆಗಳನ್ನು ಓದುತ್ತಾ, ಉದ್ದದ ಲೇಖನಗಳನ್ನು ಹೇಗೆ ಚಿಕ್ಕದು ಮಾಡಬಹುದು ಅಂತ ಯೋಚಿಸಿದರು, ಆಮೇಲೆ ಹೆಂಡತಿ ಲೀಲಾ ಜೊತೆ ಸೇರಿ 1922ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನಿಂದ ಮೊದಲ ಸಂಚಿಕೆ ತಂದರು. ನಮ್ಮ ದೇಶದ ಆವೃತ್ತಿ ಬಂದದ್ದು 1954ರಲ್ಲಿ, ಆಗ 40,000 ಪ್ರತಿ. ತುಂಬಾ ಕಾಲ ಟಾಟಾ ಬಳಗದ ಕೈಯಲ್ಲಿತ್ತು, ಆಮೇಲೆ ಇಂಡಿಯಾ ಟುಡೇ ಬಳಗಕ್ಕೆ ಹೋಯಿತು. 1938ರಿಂದ ಬರುತ್ತಿದ್ದ ಬ್ರಿಟನ್ ಆವೃತ್ತಿ ನಿಂತುಹೋದದ್ದೂ 2024ರಲ್ಲೇ. ಅದಕ್ಕೇ ನಮ್ಮದು ಇನ್ನೂ ಬರುತ್ತಿರುವುದಕ್ಕೆ ಇಷ್ಟು ವರ್ಷ ಅದನ್ನು ಕಟ್ಟಿದ ಸಂಪಾದಕರಿಗೆ, ಅಚ್ಚಿನ ಮನೆಯವರಿಗೆ, ಅಂಚೆಯವರಿಗೆ ಋಣಿ.

ಆದರೆ ನನ್ನ ಪ್ರಕಾರ ಈ ಪತ್ರಿಕೆಯ ನಿಜವಾದ ಚರಿತ್ರೆ ಇರೋದು ಮನೆಗಳಲ್ಲಿ. ಒಬ್ಬರು ಚಂದಾ ಕಟ್ಟಿದರೆ ನಾಲ್ಕು ಮನೆಯವರು ಓದುತ್ತಿದ್ದರು. ಒಂದು ಸಂಚಿಕೆಯ ವರ್ಡ್ ಪವರ್ ಪುಟದಲ್ಲಿ, ಅಂದರೆ ಇಂಗ್ಲಿಷ್ ಪದಗಳ ಅರ್ಥ ಕೇಳುವ ಕ್ವಿಜ್ ಪುಟದಲ್ಲಿ, ನೀಲಿ ಪೆನ್ಸಿಲಿನ ಗುರುತುಗಳು, ಅದರ ಪಕ್ಕದಲ್ಲೇ ಕೆಂಪು ಪೆನ್ಸಿಲಿನವು. ನೀಲಿ ಅಪ್ಪನದು, ಕೆಂಪು ನನ್ನದು, ಯಾರಿಗೆ ಜಾಸ್ತಿ ಅಂಕ ಅಂತ ಪ್ರತಿ ತಿಂಗಳೂ ಪೈಪೋಟಿ ಅಂದರು ಅದನ್ನು ಕೊಟ್ಟ ಅಮ್ಮ. ಇನ್ನೊಬ್ಬರು ನಿವೃತ್ತ ವಿಜ್ಞಾನದ ಮೇಷ್ಟ್ರು, 'ಐ ಆಮ್ ಜೋಸ್ ಹಾರ್ಟ್' ಲೇಖನದ ಹಾಳೆಗಳನ್ನು ನೀಟಾಗಿ ಹೊಲಿದು ಇಟ್ಟುಕೊಂಡಿದ್ದರು, ಹೃದಯವೇ ನಮ್ಮ ಜೊತೆ ಮಾತಾಡೋ ಹಾಗಿದ್ದ ಆ ಲೇಖನವನ್ನು ತರಗತಿಯಲ್ಲಿ ಕನ್ನಡದಲ್ಲಿ ಹೇಳುತ್ತಿದ್ದರಂತೆ. ಅವರ ಮುಂದೆ ನಾನು ಸುಮ್ನೆ ಕೈ ಮುಗಿದೆ.

'ಕಸ್ತೂರಿ'ಯ ಹಳೇ ಸಂಚಿಕೆಗಳನ್ನೂ ತಂದವರಿಗೆ ಇನ್ನೊಂದು ಥ್ಯಾಂಕ್ಸ್. 1956ರಲ್ಲಿ ಹುಬ್ಬಳ್ಳಿಯಿಂದ ಶುರುವಾಗಿ, ಸಂಪಾದಕ ಪಾ.ವೆಂ. ಆಚಾರ್ಯರ ಕೈಯಲ್ಲಿ ಬೆಳೆದ ಕನ್ನಡದ್ದೇ ಡೈಜೆಸ್ಟ್ ಅದು. ಎರಡನ್ನೂ ಒಂದೇ ಮೇಜಿನ ಮೇಲೆ ಇಟ್ಟಿದ್ದೆವು, ಹುಡುಗರು ಮೊದಲು ಕೈ ಹಾಕಿದ್ದು ಕಸ್ತೂರಿಗೇ. ತುಂಬಾ ಖುಷಿಯಾಯಿತು.

ನೀವು ಕೊಟ್ಟ ಸಂಚಿಕೆಗಳನ್ನು ಹೆಸರು ಬರೆದ ಕವರಿನಲ್ಲಿ ಇಟ್ಟಿದ್ದೇವೆ, ಸಂಜೆ ಹೊತ್ತು ಬಂದು ತಗೊಳ್ಳಿ. ವಾಪಸ್ ಬೇಡ ಅನ್ನುವವರು ಒಂದು ಮಾತು ತಿಳಿಸಿ, ಓದುವ ಕೋಣೆಯ ಕಪಾಟಿಗೆ ಸೇರಿಸುತ್ತೇವೆ.