ಮಗಳಿಗೊಂದು ಪತ್ರ: ಮೊದಲು ಹುಂಜಗಳ ಮಾತು

ಪ್ರೀತಿಯ ಪುಟ್ಟಿ,

ಕೋಳಿಮರಿ ಮಾಡಿಸಲು ನೀವು ಮಾಡಿಕೊಂಡ ಥರ್ಮಾಕೋಲ್ ಪೆಟ್ಟಿಗೆಯ ಫೋಟೋ ನೋಡಿದೆ. ಚೆನ್ನಾಗಿದೆ. ಕಂಪ್ಯೂಟರ್ ಫ್ಯಾನ್ ಹಾಕಿದ್ದು ಒಳ್ಳೆಯದಾಯಿತು, ಬಿಸಿ ಒಂದೇ ಮೂಲೆಯಲ್ಲಿ ನಿಲ್ಲುವುದಿಲ್ಲ. ಆಫೀಸಿನ ಮೂವರನ್ನು ಸೇರಿಸಿಕೊಂಡು 12 ಮೊಟ್ಟೆ ಇಡುತ್ತೇವೆ ಅಂತ ಬರೆದಿದ್ದೀಯ. ಮೊಟ್ಟೆ ಕಳಿಸುತ್ತೇನೆ, ಅದಕ್ಕೇನಂತೆ. ಆದರೆ ಒಂದು ಪ್ರಶ್ನೆ ಇದೆ. ಹುಂಜಗಳನ್ನು ಏನು ಮಾಡುತ್ತೀರಿ?

ನಗಬೇಡ. ನೀನು ಕೇಳಿದ್ದೆಲ್ಲ ಟೆಂಪರೇಚರ್, ಬಲ್ಬು, ನೀರಿನ ಬಟ್ಟಲು. ಅದನ್ನೆಲ್ಲ ಹೇಳುತ್ತೇನೆ, ಅದು ಸುಲಭ. 21 ದಿನದ ಕೆಲಸ ಅಷ್ಟೆ. ಎಂಟು ಮರಿ ಆದವು ಅಂತಿಟ್ಟುಕೊ, ಅದರಲ್ಲಿ ಹೆಚ್ಚುಕಡಿಮೆ ನಾಲ್ಕು ಹುಂಜ. ಒಂದು ಜಾಸ್ತಿ ಒಂದು ಕಮ್ಮಿ. ಮೂರ್ನಾಲ್ಕು ತಿಂಗಳಿಗೆ ಅವು ಕೂಗಲು ಶುರು ಮಾಡುತ್ತವೆ, ಅದೂ ಬೆಳಗಿನ ಜಾವಕ್ಕೇ ಅಂತೇನಿಲ್ಲ, ರಾತ್ರಿ ಯಾರೋ ಬಾಲ್ಕನಿ ಲೈಟ್ ಹಾಕಿದರೂ ಕೂಗುತ್ತವೆ. ಮೈಸೂರಿನ ಬಾಡಿಗೆ ಮನೆಯ ಟೆರೇಸಿನಲ್ಲಿ ನಾಲ್ಕು ಹುಂಜ ಕೂಗಿದರೆ ಓನರ್ ಬಂದು ಕಾಫಿ ಕುಡಿದು ಹೋಗುತ್ತಾರಾ? ಓನರ್ ಇರಲಿ, ಹುಂಜಗಳೇ ಒಂದನ್ನೊಂದು ಕುಕ್ಕಿ ರಕ್ತ ಬರಿಸುತ್ತವೆ. ಹತ್ತು ಹ್ಯಾಟೆಗೆ ಒಂದು ಹುಂಜ ಸಾಕು.

ಚೂಪು ಮೊಟ್ಟೆಯಲ್ಲಿ ಹುಂಜ, ದುಂಡು ಮೊಟ್ಟೆಯಲ್ಲಿ ಹ್ಯಾಟೆ ಅಂತ ನಿನ್ನ ಅಜ್ಜಿ ಆರಿಸಿ ಇಡುತ್ತಿದ್ದಳು. ಅದು ನಿಜವಲ್ಲ. ಕೋಳಿಗಳಲ್ಲಿ ಗಂಡೋ ಹೆಣ್ಣೋ ಅನ್ನೋದು ತಾಯಿ ಕಡೆಯಿಂದ ತೀರ್ಮಾನವಾಗುತ್ತದೆ, ಅದೂ ಮೊಟ್ಟೆ ಇಡುವ ಮೊದಲೇ. ಪೆಟ್ಟಿಗೆಯ ಬಿಸಿ ಏರಿಸಿ ಇಳಿಸಿ ಹ್ಯಾಟೆ ಜಾಸ್ತಿ ಮಾಡಬಹುದು ಅಂತ ಯಾರಾದರೂ ಹೇಳಿದರೆ ತಲೆ ಆಡಿಸಿ ಸುಮ್ನೆ ಇರು. ಮೊಟ್ಟೆಗಾಗಿಯೇ ಸಾಕುವ ತಳಿಗಳ ದೊಡ್ಡ ಹ್ಯಾಚರಿಗಳಲ್ಲಿ ಗಂಡು ಮರಿಗಳನ್ನು ಹುಟ್ಟಿದ ದಿನವೇ ಬೇರೆ ಮಾಡಿ ಕೊಂದು ಹಾಕುತ್ತಾರೆ. ಅವು ಮೊಟ್ಟೆ ಇಡುವುದಿಲ್ಲ, ಮಾಂಸಕ್ಕೆ ಬೇಗ ಬೆಳೆಯುವುದೂ ಇಲ್ಲ. ಜರ್ಮನಿಯಲ್ಲಿ 2022ರಿಂದ ಇದನ್ನು ನಿಷೇಧಿಸಿದ್ದಾರೆ. ಮನೆಯಲ್ಲಿ ಮರಿ ಮಾಡಿಸುವ ನಮ್ಮಂಥವರಿಂದ ಆ ಕೆಲಸ ಆಗುವಂಥದ್ದಲ್ಲ, ಆಗಲೂಬಾರದು. ಅದಕ್ಕೇ ಪ್ಲಗ್ ಹಾಕುವ ಮುಂಚೆ ಮಾತಾಡಿಕೊಳ್ಳಿ ಅನ್ನುವುದು.

ಇಲ್ಲಿ ತಿಪಟೂರಿನಲ್ಲಿ ನಮ್ಮ ಗುಂಪು ಹೇಗೆ ಮಾಡುತ್ತದೆ ನಿನಗೆ ಗೊತ್ತು. ರಿಟೈರಾದ ಮೇಷ್ಟ್ರು, ಎಲೆಕ್ಟ್ರಿಷಿಯನ್ ಅಣ್ಣ, ಹಿಂದಿನ ಬೀದಿಯ ಅತ್ತೆ, ನಾನು. ಎಲ್ಲರೂ ಒಂದೇ ದಿನ ಮೊಟ್ಟೆ ಇಡುತ್ತೇವೆ. ಇದು ಹುಚ್ಚಾಟ ಅಂತ ನಿನ್ನ ಅಮ್ಮ ಅಂದುಕೊಂಡಿದ್ದಾಳೆ, ಆದರೆ ಕಾರಣ ಇದೆ. ಕೋಳಿಗಳಿಗೆ ಬರುವ ಕೊಕ್ಕರೆ ರೋಗದ (ರಾಣಿಖೇತ್) ಲಸಿಕೆಯನ್ನು ಮರಿಗೆ ಐದರಿಂದ ಏಳು ದಿನದೊಳಗೆ ಕಣ್ಣಿಗೆ ಒಂದು ಹನಿ ಹಾಕಬೇಕು. ಲಸಿಕೆಯ ಸೀಸೆ ಸಿಗುವುದು ನೂರಾರು ಮರಿಗಾಗುವಷ್ಟು. ಒಮ್ಮೆ ಕಲಸಿದರೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು, ಎತ್ತಿಡುವಂತಿಲ್ಲ. ನಿಮ್ಮ ಎಂಟು ಮರಿಗೆ ಒಂದು ಸೀಸೆ ಒಡೆದು ಉಳಿದದ್ದನ್ನು ಚೆಲ್ಲುವ ಬದಲು ಅಲ್ಲೇ ಕೋಳಿ ಸಾಕುವ ಯಾರಾದರೂ ಸಿಕ್ಕರೆ ಅವರ ಜೊತೆ ದಿನ ಹೊಂದಿಸಿಕೊಳ್ಳಿ. ಹುಂಜಗಳ ವಿಷಯಕ್ಕೂ ಹೀಗೆ ನಾಲ್ಕು ಜನ ಇದ್ದರೆ ಅನುಕೂಲ. ಒಬ್ಬರಿಗೆ ಒಂದೇ ರಕ್ತದ ಕೋಳಿಗಳು ಕೂಡದಿರಲಿ ಅಂತ ಬೇರೆ ಹುಂಜ ಬೇಕಿರುತ್ತದೆ, ಇನ್ನೊಬ್ಬರ ಊರಲ್ಲಿ ಮಾರಮ್ಮನ ಹಬ್ಬ ಇರುತ್ತದೆ. ಉಳಿದವು ನಮ್ಮಲ್ಲಿ ಹೊಸತೊಡಕಿಗೆ ಸಾರಾಗುತ್ತವೆ. ಅದನ್ನು ಮುಚ್ಚಿಟ್ಟು ಹೇಳಿ ಏನು ಪ್ರಯೋಜನ? ನೀನೂ ತಿಂದಿದ್ದೀಯ. ಆದರೆ ನಿಮ್ಮ ಗುಂಪಿನಲ್ಲಿ ಇಬ್ಬರು ಮಾಂಸ ತಿನ್ನದವರು ಅಂದಿದ್ದೆ, ಅವರು ಹುಂಜಕ್ಕೊಂದು ಹೆಸರಿಟ್ಟುಬಿಟ್ಟರೆ ಮುಗೀತು ಕಥೆ. ಹೆಸರಿಟ್ಟ ಕೋಳಿಯನ್ನು ಯಾರೂ ಕೊಡುವುದೂ ಇಲ್ಲ, ಕೊಯ್ಯುವುದೂ ಇಲ್ಲ.

ಸರಿ, ಕೇಳಿದ್ದಕ್ಕೆ ಬರುತ್ತೇನೆ.

ಅಂಗಡಿ ಮೊಟ್ಟೆ ಇಡಬೇಡಿ. ಫಾರಂನಲ್ಲಿ ಹುಂಜವೇ ಇರುವುದಿಲ್ಲ, ಮರಿ ಎಲ್ಲಿಂದ ಬರಬೇಕು? ಫ್ಯಾನ್ ಇರುವ ಪೆಟ್ಟಿಗೆಗೆ 37.5 ಡಿಗ್ರಿ ಬೇಕು. ಡಿಸ್‌ಪ್ಲೇ ತೋರಿಸುವುದನ್ನು ಪೂರ್ತಿ ನಂಬಬೇಡ, ಮನೆಯಲ್ಲಿ ಜ್ವರ ನೋಡುವ ಥರ್ಮಾಮೀಟರ್ ಇದೆಯಲ್ಲ, ಅದನ್ನು ಮೊಟ್ಟೆಯ ಪಕ್ಕ ಇಟ್ಟು ತಾಳೆ ನೋಡು, ಫ್ಯಾರನ್‌ಹೀಟ್‌ನಲ್ಲಾದರೆ 99.5 ಬರಬೇಕು. ಮೊಟ್ಟೆ ಇಡುವ ಮೊದಲು ಒಂದು ಇಡೀ ದಿನ ಖಾಲಿ ಪೆಟ್ಟಿಗೆ ಓಡಲಿ. ಕರೆಂಟ್ ಹೋದರೆ ಗಾಬರಿಯಿಂದ ಮುಚ್ಚಳ ತೆಗೆಯಬೇಡ, ಮೇಲೊಂದು ಕಂಬಳಿ ಹೊದಿಸಿಬಿಡು. ಕಾವಿಗೆ ಕೂತ ಕೋಳಿಯೂ ದಿನಕ್ಕೊಮ್ಮೆ ಎದ್ದು ಹೋಗಿ ಮೇಯ್ದು ಬರುತ್ತದೆ, ಮೊಟ್ಟೆ ಸ್ವಲ್ಪ ಹೊತ್ತು ತಣ್ಣಗಾದರೆ ತಡೆಯುತ್ತದೆ. ತಡೆಯದೇ ಇರುವುದು ಬಿಸಿ. 40 ದಾಟಿ ಗಂಟೆಗಟ್ಟಲೆ ನಿಂತರೆ ಒಳಗಿನ ಮರಿ ಉಳಿಯುವುದು ಕಷ್ಟ. ಪೆಟ್ಟಿಗೆ ಕಿಟಕಿ ಬಿಸಿಲಿಗೆ ಬೀಳದ ಕಡೆ ಇರಲಿ.

ದಿನಕ್ಕೆ ಮೂರೋ ಐದೋ ಸಲ ಮೊಟ್ಟೆ ಹೊರಳಿಸಬೇಕು. ಬೆಸ ಸಂಖ್ಯೆ ಯಾಕೆಂದರೆ ರಾತ್ರಿ ಜಾಸ್ತಿ ಹೊತ್ತು ಮಲಗುವ ಬದಿ ದಿನಾ ಬದಲಾಗಲಿ ಅಂತ. ಪೆನ್ಸಿಲ್‌ನಲ್ಲಿ ಒಂದು ಕಡೆ ಗುಂಡು, ಇನ್ನೊಂದು ಕಡೆ ಅಡ್ಡಗೀಟು ಹಾಕಿ. ಸ್ಕೆಚ್ ಪೆನ್ ಬೇಡ. ಪಾಳಿ ಹಾಕಿಕೊಳ್ಳಿ, ಇಲ್ಲದಿದ್ದರೆ ಎಲ್ಲರೂ ಹೊರಳಿಸುತ್ತೀರಿ ಅಥವಾ ಯಾರೂ ಹೊರಳಿಸುವುದಿಲ್ಲ. ತೇವ ಮೊದಲ 18 ದಿನ ಶೇಕಡಾ 50ರ ಆಸುಪಾಸು. ಅದಕ್ಕೆ ಇಡುವ ನೀರಿನ ಬಟ್ಟಲು ಆಳ ಇದ್ದರೆ ಉಪಯೋಗವಿಲ್ಲ, ಅಗಲ ಇರಬೇಕು.

ಏಳನೇ ದಿನ ರಾತ್ರಿ ಲೈಟೆಲ್ಲ ಆರಿಸಿ. ಮೊಬೈಲ್ ಟಾರ್ಚಿನ ಮೇಲೆ ಕೈಮುಷ್ಟಿ ಹಿಡಿದು, ಆ ಸಂದಿಗೆ ಮೊಟ್ಟೆಯ ದಪ್ಪ ತುದಿ ಇಡು. ಮೊಟ್ಟೆ ಒಳಗಿನಿಂದ ಕೆಂಪಗೆ ಹೊಳೆಯುತ್ತದೆ. ನಡುವೆ ಒಂದು ಕಪ್ಪು ಚುಕ್ಕೆ, ಅದರಿಂದ ಜೇಡರ ಹುಳು ಕಾಲು ಚಾಚಿದ ಹಾಗೆ ಕೆಂಪು ನರಗಳು. ಅಲುಗಾಡಿಸದೆ ಒಂದು ಕ್ಷಣ ಹಿಡಿದರೆ ಚುಕ್ಕೆ ತಾನೇ ಮಿಸುಕುತ್ತದೆ. ಏನೂ ಇಲ್ಲದೆ ಬರೀ ಹಳದಿ ಕಂಡರೆ ಅದು ಮರಿಯಾಗದ ಮೊಟ್ಟೆ. ನರಗಳಿಲ್ಲದೆ ಒಂದು ರಕ್ತದ ಉಂಗುರ ಮಾತ್ರ ಕಂಡರೆ ಶುರುವಾಗಿ ಸತ್ತದ್ದು. ಎರಡನ್ನೂ ತೆಗೆದುಬಿಡಿ, ಒಳಗೇ ಕೊಳೆತು ಒಡೆದರೆ ವಾಸನೆ ತಡೆಯಲಾಗುವುದಿಲ್ಲ.

18ನೇ ದಿನದಿಂದ ಹೊರಳಿಸುವುದು ನಿಲ್ಲಿಸಿ, ತೇವ 65ರಿಂದ 70ಕ್ಕೆ ಏರಿಸಿ, ಮುಚ್ಚಳ ಹಾಕಿ ದೂರ ಹೋಗಿ. ನಿಮ್ಮ ನಾಲ್ವರಲ್ಲಿ ಒಬ್ಬರಿಗಾದರೂ ಕೈ ಕಡಿಯುತ್ತದೆ, ಬಹುಶಃ ನಿನಗೇ. ಮರಿ ಚಿಪ್ಪಿಗೆ ಮೊದಲ ತೂತು ಹಾಕಿ ಅರ್ಧ ದಿನ, ಒಮ್ಮೊಮ್ಮೆ ಇಡೀ ದಿನ ಸುಮ್ಮನಾಗುತ್ತದೆ. ಸೋತಿದೆ ಅಂತ ನಿಮಗನಿಸುತ್ತದೆ. ಅದು ಸೋತಿರುವುದಿಲ್ಲ. ಪೊರೆಯಲ್ಲಿರುವ ರಕ್ತವನ್ನು ಮೈಗೆ ಎಳೆದುಕೊಳ್ಳುತ್ತಿರುತ್ತದೆ, ಹಳದಿಯನ್ನು ಹೊಟ್ಟೆಯೊಳಗೆ ಸೇರಿಸಿಕೊಳ್ಳುತ್ತಿರುತ್ತದೆ. ಆ ಹೊತ್ತಿನಲ್ಲಿ ಪಾಪ ಅಂತ ಚಿಪ್ಪು ಬಿಡಿಸಿದರೆ ರಕ್ತ ಬರುತ್ತದೆ. ಮುಚ್ಚಳ ತೆಗೆದರೆ ತೇವ ಇಳಿದು ಪೊರೆ ಒಣಗಿ ಪಕ್ಕದ ಮೊಟ್ಟೆಯ ಮರಿಗೂ ಅಂಟಿಕೊಳ್ಳುತ್ತದೆ. ಹುಟ್ಟಿದ ಮರಿಗೆ ಆ ಹಳದಿಯೇ ಎರಡು ದಿನದ ಊಟ, ಮೈ ಒಣಗುವ ತನಕ ಪೆಟ್ಟಿಗೆಯಲ್ಲೇ ಇರಲಿ.

ಆಮೇಲೆ ರಟ್ಟಿನ ಡಬ್ಬ, ಒಂದು ಬಲ್ಬು, ಮೊದಲ ವಾರ 35 ಡಿಗ್ರಿ, ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸುತ್ತಾ ಹೋಗು. ಡಿಸೆಂಬರ್ ಚಳಿ ಇರುವುದರಿಂದ ಮರಿಗಳನ್ನೇ ನೋಡಿ ತಿಳಿದುಕೊ: ಬಲ್ಬಿನ ಕೆಳಗೆ ಗುಡ್ಡೆಯಾದರೆ ಚಳಿ, ಗೋಡೆಗೆ ಒರಗಿ ಬಾಯಿ ಬಿಟ್ಟರೆ ಸೆಕೆ. ಕೆಳಗೆ ಬರೀ ಪೇಪರ್ ಹಾಕಬೇಡ, ಜಾರಿ ಕಾಲು ಅಗಲವಾಗುತ್ತವೆ. ಹಳೇ ಟವೆಲ್ ಹಾಕು. ನೀರಿನ ತಟ್ಟೆಯಲ್ಲಿ ಒಂದಿಷ್ಟು ಗೋಲಿ ಇಡು, ಇಲ್ಲದಿದ್ದರೆ ಮುಳುಗುತ್ತವೆ.

ಆ ಮೂವರ ಹತ್ತಿರ ಹುಂಜದ ವಿಷಯ ಬಾಯಿಬಿಟ್ಟು ಹೇಳಿಸಿಕೊ. "ಆಮೇಲೆ ನೋಡೋಣ" ಅಂದವರನ್ನು ಲೆಕ್ಕಕ್ಕೆ ಹಿಡಿಯಬೇಡ. ಯಾರೂ ಇಟ್ಟುಕೊಳ್ಳದಿದ್ದರೆ ಇಲ್ಲಿಗೆ ತಂದುಬಿಡು, ಆದರೆ ಇಲ್ಲಿಗೆ ಬಂದ ಹುಂಜದ ಗತಿ ಏನು ಅಂತ ಅವರಿಗೂ ಮೊದಲೇ ಹೇಳಿಬಿಡು.

ಒಪ್ಪಿಕೊಂಡರೆ ಫೋನ್ ಮಾಡು. ಶನಿವಾರದ ಬಸ್ಸಿಗೆ ಭತ್ತದ ಹೊಟ್ಟು ತುಂಬಿದ ಡಬ್ಬದಲ್ಲಿ 12 ಮೊಟ್ಟೆ ಕಳಿಸುತ್ತೇನೆ, ಎಲ್ಲ ಒಂದು ವಾರದೊಳಗಿನವು. ತೊಳೆಯಬೇಡ. ಬಸ್ಸಿನಲ್ಲಿ ಕುಲುಕಿರುತ್ತವೆ, ಚೂಪು ತುದಿ ಕೆಳಗೆ ಮಾಡಿ ಒಂದು ದಿನ ಹಾಗೇ ಬಿಟ್ಟು ಭಾನುವಾರ ಸಂಜೆ ಪೆಟ್ಟಿಗೆಗೆ ಇಡಿ. ನಾವೂ ಅವತ್ತೇ ಇಡುತ್ತೇವೆ.

ಅಪ್ಪ