ಜನ ಕಡಿಮೆಯಿದ್ದ ಮಾತ್ರಕ್ಕೆ ಬಸ್ ಬೇಡವೇ?

ಮಾನ್ಯ ಸಂಪಾದಕರೇ,

ಪುಟ್ಟ ಊರಿಗೆ ರಸ್ತೆ, ಬಸ್ ಕೇಳಿದರೆ ಮೊದಲು ಬರುವ ಪ್ರಶ್ನೆ ‘ಜನ ಎಷ್ಟಿದ್ದಾರೆ?’ ಎಂಬುದು. ತೊಡಕಿರುವುದು ಎಣಿಕೆಯಲ್ಲೇ. ಜನಗಣತಿ ಲೆಕ್ಕ ಹಿಡಿಯುವುದು ಕಂದಾಯ ಗ್ರಾಮವನ್ನು. ಹಳ್ಳಿಗಳಿಗೆ ರಸ್ತೆ ಮಾಡಿಸುವ ಕೇಂದ್ರದ ಪ್ರಧಾನ ಮಂತ್ರಿ ಗ್ರಾಮ ಸಡಕ್ ಯೋಜನೆ ನೋಡುವುದು ಜನವಸತಿಯನ್ನು, ಅಂದರೆ ಒಂದೆಡೆ ಇರುವ ಮನೆಗುಂಪನ್ನು. ಮಲೆನಾಡಿನಲ್ಲಿ ಒಂದು ಗ್ರಾಮವೆಂದರೆ ತೋಟದಾಚೆ ನಾಲ್ಕು ಮನೆ, ಹಳ್ಳದಾಚೆ ಆರು ಮನೆ.

2024ರಲ್ಲಿ ಒಪ್ಪಿಗೆ ಪಡೆದ ಈ ಯೋಜನೆಯ ನಾಲ್ಕನೇ ಹಂತಕ್ಕೂ 2011ರ ಗಣತಿಯೇ ಆಧಾರ. ರಸ್ತೆ ಸಿಗಲು ಬಯಲು ಪ್ರದೇಶದಲ್ಲಿ ಕನಿಷ್ಠ 500 ಜನ ಇರಬೇಕು, ಗುಡ್ಡಗಾಡು ರಾಜ್ಯಗಳಲ್ಲಿ 250. ಕರ್ನಾಟಕ ಆ ರಾಜ್ಯಗಳ ಪಟ್ಟಿಯಲ್ಲಿಲ್ಲ, ಮಲೆನಾಡಿನ ಗುಡ್ಡಗಳಿಗೆ ಇದು ಗೊತ್ತಿಲ್ಲ ಅಷ್ಟೆ! ಆದರೆ 500 ಮೀಟರ್ ಅಂತರದೊಳಗಿನ ಮನೆಗುಂಪುಗಳನ್ನು ಒಟ್ಟುಗೂಡಿಸಿ ಲೆಕ್ಕ ಹಾಕಲು ಅವಕಾಶವಿದೆ. ಬಿಡಿಬಿಡಿಯಾಗಿ ಬರೆದರೆ ಯಾವ ಕೇರಿಯೂ ಮಿತಿ ಮುಟ್ಟದು.

ರಸ್ತೆಯಾದರೂ ಬಸ್ ಬರುತ್ತದೆಂಬ ಖಾತರಿಯಿಲ್ಲ. 3.75 ಮೀಟರ್ ಅಗಲದ ಡಾಂಬರಿನಲ್ಲಿ ಸುಮಾರು 2.5 ಮೀಟರ್ ಅಗಲದ ಬಸ್ಸಿಗೆ ಎದುರು ಒಂದು ಟ್ರ್ಯಾಕ್ಟರ್ ಬಂದರೂ ಚಕ್ರ ಮಣ್ಣಿಗಿಳಿಯಬೇಕು. ಅಂಚಿಗೆ ಗಟ್ಟಿ ಜಲ್ಲಿಮಣ್ಣು ತುಂಬದಿದ್ದರೆ ಮಳೆಗಾಲದಲ್ಲಿ ಅಲ್ಲೇ ಹೂತುಕೊಳ್ಳುತ್ತದೆ. ಊರ ಕೊನೆಯಲ್ಲಿ ಬಸ್ ತಿರುಗಿಸಲು ಜಾಗವಿಲ್ಲದಿದ್ದರಂತೂ ಚಾಲಕ ಹಿಂದಕ್ಕೇ ಓಡಿಸಬೇಕು. ಅಂಥ ಮಾರ್ಗಕ್ಕೆ ಯಾವ ಡಿಪೊ ಒಪ್ಪೀತು?

ಆದ್ದರಿಂದ ಬರೀ ‘ಬಸ್ ಬಿಡಿ’ ಎಂಬ ಮನವಿ ಸಾಲದು. ಬಸ್ ತಿರುಗಿಸುವ ಜಾಗ, ಮೋರಿಗಳ ಸ್ಥಿತಿ, ಶಾಲೆಯ ವೇಳೆ, ಸಂತೆಯ ದಿನ, ದಾರಿಯ ಅಕ್ಕಪಕ್ಕದ ಎಲ್ಲ ಕೇರಿಗಳ ಒಟ್ಟು ಜನ, ಇಷ್ಟನ್ನೂ ಗ್ರಾಮಸಭೆಯ ನಿರ್ಣಯದಲ್ಲಿ ಬರೆದು ಸಾರಿಗೆ ಸಂಸ್ಥೆಯ ವಿಭಾಗೀಯ ನಿಯಂತ್ರಣಾಧಿಕಾರಿಗೆ ಕೊಡಬೇಕು. ದಿನಕ್ಕೆ ಎರಡೇ ಟ್ರಿಪ್ ಸಾಕು, ಬೆಳಿಗ್ಗೆ ಒಂದು, ಸಂಜೆ ಒಂದು.

– ಗ್ರಾಮಸ್ಥರು