ಎಣ್ಣೆಗೆ ಇನ್ನು ಪ್ಲಾಸ್ಟಿಕ್ ಕ್ಯಾನ್ ತರಬೇಡಿ

ನಮ್ಮ ಗಾಣದ ಎಲ್ಲ ಗ್ರಾಹಕರಿಗೆ ನಮಸ್ಕಾರ.

ಮುಂದಿನ ತಿಂಗಳ ಒಂದನೇ ತಾರೀಖಿನಿಂದ ಶೇಂಗಾ, ಕುಸುಬೆ, ಕೊಬ್ಬರಿ ಎಣ್ಣೆಯನ್ನು ಸ್ಟೀಲ್ ಡಬ್ಬಿ ಅಥವಾ ಗಾಜಿನ ಬಾಟಲಿಗೆ ಮಾತ್ರ ಹಾಕಿಕೊಡುತ್ತೇವೆ. ಮನೆಯಿಂದ ತರುವ ಪ್ಲಾಸ್ಟಿಕ್ ಕ್ಯಾನಿಗೆ ತುಂಬುವುದಿಲ್ಲ. ಫಿಲ್ಟರಿನಿಂದ ಡ್ರಮ್ಮಿಗೆ ಎಣ್ಣೆ ಹರಿಯುವ ಮೆತ್ತನೆಯ ಪಿವಿಸಿ ಪೈಪನ್ನೂ ತೆಗೆಸಿ ಸ್ಟೀಲ್ ಪೈಪ್ ಹಾಕಿಸುತ್ತಿದ್ದೇವೆ. ಇಷ್ಟು ವರ್ಷ ಇಲ್ಲದ್ದು ಈಗ್ಯಾಕೆ ಎಂದು ಕೇಳುತ್ತೀರಿ. ಅದಕ್ಕೇ ಈ ಪತ್ರ.

ಪಿವಿಸಿ ಮೂಲದಲ್ಲಿ ಗಡುಸು, ನಲ್ಲಿ ನೀರಿನ ಪೈಪು ನೋಡಿದ್ದೀರಲ್ಲ. ಅದು ಬಾಗಬೇಕೆಂದರೆ ಮೆತ್ತಗಾಗಿಸುವ ರಾಸಾಯನಿಕ ಬೆರೆಸಬೇಕು. ಹೆಚ್ಚಾಗಿ ಬೆರೆಸುತ್ತಾ ಬಂದಿರುವುದು ಥ್ಯಾಲೇಟ್‌ಗಳನ್ನು. ಇವು ಪ್ಲಾಸ್ಟಿಕ್ಕಿಗೆ ಗಟ್ಟಿಯಾಗಿ ಅಂಟಿಕೊಂಡಿರುವುದಿಲ್ಲ. ನೀರಿಗೆ ಅಷ್ಟಾಗಿ ಇಳಿಯದಿದ್ದರೂ ಎಣ್ಣೆ, ತುಪ್ಪ ಸಿಕ್ಕರೆ ಸಲೀಸಾಗಿ ಇಳಿಯುತ್ತವೆ. ಬಿಸಿಯಿದ್ದರೆ ಇನ್ನೂ ಬೇಗ. ಹೊಸದರಲ್ಲಿ ಸುರುಳಿ ಸುತ್ತಿಡಬಹುದಾದ ಎಣ್ಣೆ ಪೈಪು ಬರುಬರುತ್ತಾ ಗಡುಸಾಗುತ್ತದೆ. ಅದನ್ನು ಮೆತ್ತಗಿಟ್ಟಿದ್ದ ವಸ್ತು ಎಲ್ಲಿಗೋ ಹೋಗಿರಲೇಬೇಕು, ಅಲ್ವಾ?

ಹೊಟ್ಟೆಗೆ ಸೇರಿದ ಮೇಲೆ ಇವು ಹಾರ್ಮೋನುಗಳ ಕೆಲಸದಲ್ಲಿ ಕೈಯಾಡಿಸುತ್ತವೆ. ನಮ್ಮ ಜೀವಕೋಶಗಳಲ್ಲಿ ಪಿಪಿಎಆರ್ ಗ್ಯಾಮಾ ಎಂಬ ಸ್ವಿಚ್ ಇದೆ. ಅದು ಆನ್ ಆದರೆ ಎಳೆಯ ಕೋಶಗಳು ಕೊಬ್ಬಿನ ಕೋಶಗಳಾಗುತ್ತವೆ. ಕೆಲವು ಥ್ಯಾಲೇಟ್‌ಗಳು ದೇಹದಲ್ಲಿ ಒಡೆದಾಗ ಹುಟ್ಟುವ ವಸ್ತುಗಳು ಈ ಸ್ವಿಚ್ ಒತ್ತಬಲ್ಲವು ಎಂದು ಪ್ರಯೋಗಾಲಯದಲ್ಲಿ ಕಂಡಿದೆ. 2006ರಲ್ಲಿ ಅಮೆರಿಕದ ವಿಜ್ಞಾನಿಗಳಾದ ಬ್ರೂಸ್ ಬ್ಲಂಬರ್ಗ್ ಮತ್ತು ಫೆಲಿಕ್ಸ್ ಗ್ರೂನ್ ಇಂಥವಕ್ಕೆ ಒಬೆಸೊಜೆನ್, ಅಂದರೆ ಬೊಜ್ಜು ತರುವ ವಸ್ತು, ಎಂದು ಹೆಸರಿಟ್ಟರು. ಹಡಗಿನ ಬಣ್ಣಕ್ಕೆ ಹಾಕುತ್ತಿದ್ದ ಟ್ರೈಬ್ಯುಟೈಲ್‌ಟಿನ್ ಅನ್ನು ಅವರು ಬಸಿರಾದ ಇಲಿಗಳಿಗೆ ಕೊಟ್ಟಾಗ, ಮರಿಗಳಲ್ಲಿ ಕೊಬ್ಬು ಜಾಸ್ತಿಯಾಗಿತ್ತು. ಮನುಷ್ಯರಲ್ಲಿ ಇಷ್ಟು ಖಚಿತವಾಗಿ ಸಾಬೀತಾಗಿಲ್ಲ. ಆದರೆ ಬಸುರಿಯರು, ಎಳೆ ಮಕ್ಕಳಿರುವ ಮನೆಗೂ ಹೋಗುವ ಎಣ್ಣೆ ಇದು. ಸಾಬೀತಾಗುವವರೆಗೆ ಕಾಯಲು ನಮಗೆ ಮನಸ್ಸಿಲ್ಲ.

ಹಾಗಂತ ಡಬ್ಬಿ ಬದಲಿಸಿದರೆ ತೂಕ ಇಳಿಯುತ್ತದೆ ಎಂದು ನಾವು ಹೇಳುತ್ತಿಲ್ಲ. ಗಾಣದ ಎಣ್ಣೆಯಾದರೂ ಗ್ರಾಮಿಗೆ 9 ಕ್ಯಾಲೊರಿಯೇ! ಅಂಗಡಿಯಲ್ಲಿ ಕುಡಿಯುವ ನೀರು ಬರುವ ಪೆಟ್ ಪ್ಲಾಸ್ಟಿಕ್ ಬಾಟಲಿಗೆ ಸಾಮಾನ್ಯವಾಗಿ ಥ್ಯಾಲೇಟ್ ಬೆರೆಸುವುದಿಲ್ಲ ಎಂಬುದೂ ನಿಜ. ಆದರೆ ಕೌಂಟರಿಗೆ ಬರುವ ಹಳೇ ಕ್ಯಾನು ಎಂಥ ಪ್ಲಾಸ್ಟಿಕ್ಕಿನದು, ಮೊದಲು ಅದರಲ್ಲಿ ಫಿನೈಲ್ ಇತ್ತೋ ಏನೋ, ಮೂಸಿ ನೋಡಿ ಹೇಳಲಾಗುವುದಿಲ್ಲ.

ಡಬ್ಬಿ ಇಲ್ಲದವರಿಗೆ 2 ಲೀಟರಿನ ಸ್ಟೀಲ್ ಡಬ್ಬಿ ಕೊಡುತ್ತೇವೆ, ಡಿಪಾಸಿಟ್ 300 ರೂಪಾಯಿ. ಡಬ್ಬಿ ತಂದುಕೊಟ್ಟ ದಿನವೇ ದುಡ್ಡು ವಾಪಸ್. ಎಣ್ಣೆ ರೇಟು ಲೀಟರಿಗೆ 4 ರೂಪಾಯಿ ಜಾಸ್ತಿಯಾಗುತ್ತದೆ, ಅದು ಹೊಸ ಪೈಪಿನ ಖರ್ಚು. ನಿಮ್ಮದೇ ಡಬ್ಬಿ ತರುವುದಾದರೆ ತೊಳೆದು, ಬಿಸಿಲಿಗಿಟ್ಟು ಪೂರ್ತಿ ಒಣಗಿಸಿ ತನ್ನಿ. ತೇವ ಉಳಿದರೆ ಎಣ್ಣೆ ಬೇಗ ಕಮಟುತ್ತದೆ. ಗಾಜಿನ ಬಾಟಲಿಯನ್ನು ಕಿಟಕಿ ಬೆಳಕಿಗೆ ಬಿಡದೆ ಕಪಾಟಿನೊಳಗಿಡಿ.

ಇಂತಿ,
ಗಾಣದ ಆಡಳಿತ ಮಂಡಳಿ